ಬಲಗಡೆ ಬಡಿಯುವ ಗುಂಡಿಗೆ

ರತ್ನಾಬಾಯಿ ನನ್ನ ಹೊಟ್ಟೆಯಲ್ಲಿ ಹುಟ್ಟಿದವಳಲ್ಲ. ನನ್ನ ಗಂಡ ಮಡಿವಾಳಯ್ಯನವರ ಕಡೆಯ ತಂಗಿ. ತೆಂಗಳಿಯಿಂದ ಮದುವೆಯಾಗಿ ಶಹಾಬಾದಿಗೆ ಬಂದಾಗ ನನಗೆ ಹದಿನೈದು ವರ್ಷ. ನಮ್ಮ ಭಾಗ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ಆಗಿತ್ತು. ನಾನು ಬಂದ ನಾಲ್ಕು ತಿಂಗಳಿಗೆ ನಮ್ಮತ್ತಿ ಹಡೆದರು, ಒಂಬತ್ತನೇ ದಿನಕ್ಕೆ ಹೋಗಿಬಿಟ್ಟರು. ಕೂಸನ್ನು ತಂದು ನನ್ನ ಉಡಿಯೊಳಗೆ ಹಾಕಿದರು. ಹಿಡಿಯುವುದು ಹೇಗೆ ಅಂತಲೂ ನನಗೆ ಗೊತ್ತಿರಲಿಲ್ಲ.

ಹುಟ್ಟಿದ ದಿನದಿಂದಲೇ ಅದರ ಮೂಗು ಸೋರುತ್ತಿತ್ತು, ಎದೆ ಗೊರಗೊರ ಅನ್ನುತ್ತಿತ್ತು. ಶಹಾಬಾದಿನಲ್ಲಿ ಕೆಮ್ಮಿನ ಬಗ್ಗೆ ಯಾರೂ ಕೇಳುವುದಿಲ್ಲ. ಖಣಿಯಲ್ಲಿ ಕಲ್ಲು ಎಬ್ಬಿಸುವವನು ಕೆಮ್ಮುತ್ತಾನೆ, ನೆಲಕ್ಕೆ ಹಾಸುವ ಫರ್ಸಿ ಕೊಯ್ಯುವವನು ಕೆಮ್ಮುತ್ತಾನೆ, ಅವನಿಗೆ ಬುತ್ತಿ ಒಯ್ಯುವವಳೂ ಕೆಮ್ಮುತ್ತಾಳೆ. ಕಲ್ಲಿನ ಧೂಳು ಅಂದರೆ ಅಲ್ಲಿಗೆ ಮುಗಿಯಿತು. ಆದರೆ ತಿಂಗಳ ಕೂಸು ಯಾವ ಖಣಿಗೆ ಹೋಗಿತ್ತು? ಈ ಮಾತು ನನ್ನ ಮನಸ್ಸಿನಲ್ಲಿ ಬಂದು ಬಂದು ಹೋಗುತ್ತಿತ್ತು. ಹಿರಿಯರ ಮುಂದೆ ಆಡುವ ಧೈರ್ಯ ಇರಲಿಲ್ಲ.

ಎರಡು ವರ್ಷದವಳಿದ್ದಾಗ ಒಮ್ಮೆ ಜ್ವರ ಏರಿ ಮೈಮೇಲೆ ಎಚ್ಚರ ಇಲ್ಲದೆ ಮಲಗಿದಳು. ಜೀವ ಅದೆಯೋ ಇಲ್ಲೋ ನೋಡಬೇಕು ಅಂತ ಎಡ ಎದೆಗೆ ಕಿವಿ ಹಚ್ಚಿದೆ. ಏನೂ ಕೇಳಲಿಲ್ಲ. ಅವಳನ್ನು ಎತ್ತಿ ಅಪ್ಪಿಕೊಂಡಾಗ ಇನ್ನೊಂದು ಕಡೆಯಿಂದ, ಬಲಗಡೆಯಿಂದ, ಡಬ ಡಬ ಅಂತ ನನ್ನ ಮೈಗೆ ಬಡಿಯಿತು. ಮತ್ತೆ ಮಲಗಿಸಿ ಕೇಳಿದೆ. ಎಡಕ್ಕೆ ಇಲ್ಲ. ಬಲಕ್ಕೆ ಅದೆ.

ಯಾರಿಗೂ ಹೇಳಲಿಲ್ಲ, ನಮ್ಮ ಮನೆಯವರಿಗೂ. ಓಣಿಯ ಹೆಂಗಸರು ಮೊದಲೇ ತಾಯಿಯನ್ನು ತಿಂದ ಕೂಸು ಅನ್ನುತ್ತಿದ್ದರು. ಗುಂಡಿಗೆ ಸೈತ ಉಲ್ಟಾ ಅದೆ ಅಂತ ಗೊತ್ತಾದರೆ ಆ ಹುಡುಗಿಯನ್ನು ಯಾರು ಹತ್ತಿರ ಸೇರಿಸುತ್ತಾರೆ? ಅವತ್ತಿನಿಂದ ಯಾರಾದರೂ ಅವಳನ್ನು ಎತ್ತಿಕೊಂಡರೆ ನನಗೆ ಅಂಜಿಕೆ. ಎಲ್ಲಿ ಅವರ ಎದೆಗೆ ತಾಕಿ ತಿಳಿದುಬಿಡುತ್ತದೋ ಅಂತ ಏನಾದರೂ ನೆವ ಮಾಡಿ ಕಸಿದುಕೊಳ್ಳುತ್ತಿದ್ದೆ. ಓಣಿಯವರು ನನಗೆ, ಈ ಭಾಗಮ್ಮ ಕೂಸಿನ ಆಸೆಬುರುಕಿ ಅಂದರು. ಅನ್ನಲಿ ಅಂತ ಬಿಟ್ಟೆ.

ಹಾಗೇ ಬೆಳೆದಳು. ಕೆಮ್ಮುತ್ತಲೇ ಏಳನೇ ಇಯತ್ತೆ ಮುಗಿಸಿದಳು. ಕೆಮ್ಮುತ್ತಲೇ ರೊಟ್ಟಿ ಬಡಿಯುವುದು, ಕೌದಿ ಹೊಲಿಯುವುದು ಕಲಿತಳು. ಮಾತು ಮಾತ್ರ ಚುರುಕು. ಕೆಮ್ಮು ಬಂದಾಗ ಓಣಿಯ ಹುಡುಗಿಯರು ನಕ್ಕರೆ, "ನೀವು ಯಾರ ಮನಿಗಿ ಹೋದ್ರೂ ಕದ ಬಡೀಬೇಕಾಗ್ತದ, ನನಗ ಅದು ಬ್ಯಾಡ, ನಾ ಬರೂಕಿಂತ ಮೊದಲೇ ಗೊತ್ತಾಗ್ತದ" ಅನ್ನುತ್ತಿದ್ದಳು.

ಇಪ್ಪತ್ತು ತುಂಬಿದರೂ ವರ ಕೂಡಿಬರಲಿಲ್ಲ. ಬಂದವರೆಲ್ಲ ಕೆಮ್ಮು ಕೇಳಿ, ಕ್ಷಯ ಇರಬೇಕು ಅಂತ ಎದ್ದು ಹೋಗುತ್ತಿದ್ದರು. ಕೊನೆಗೆ ನಮ್ಮ ಮನೆಯವರು, "ಎಕ್ಸರೇ ತೆಗೆಸು. ಕ್ಷಯ ಇಲ್ಲಂತ ಕೈಯಾಗ ಕಾಗದ ಇದ್ದರ ಬಾಯಿ ಮುಚ್ಚತಾರ" ಅಂದರು. ವಾಡಿಯಲ್ಲಿ ಇಸಾಕ ಅನ್ನುವವನು ಎಕ್ಸರೇ ಖೋಲಿ ಇಟ್ಟಿದ್ದ. ಅಲ್ಲಿಗೆ ನಾನೇ ಕರೆದುಕೊಂಡು ಹೋದೆ. ಒಳಗಿನದೆಲ್ಲ ಕಾಣುವ ಫೋಟೋ ಅಂತ ಕೇಳಿದ್ದೆ. ರೈಲಿನಲ್ಲಿ ಕುಳಿತಷ್ಟು ಹೊತ್ತೂ ಇವತ್ತು ಗುಟ್ಟು ಬಯಲಾಗುತ್ತದೆ ಅಂತಲೇ ಇದ್ದೆ.

ನಮ್ಮ ಮನೆತನದಲ್ಲಿ ಹೆಣ್ಣುಮಕ್ಕಳು ಶಿವದಾರವನ್ನು ಬಲ ಹೆಗಲ ಮೇಲಿಂದ ಹಾಕಿಕೊಳ್ಳುತ್ತಾರೆ. ಲಿಂಗವಿರುವ ಬೆಳ್ಳಿಯ ಕರಡಿಗೆ ಎಡ ಕಂಕುಳ ಕೆಳಗೆ ಬರುತ್ತದೆ. ರತ್ನಾಳಿಗೆ ನಮ್ಮ ಮಠದ ಗುರುಲಿಂಗಯ್ಯನವರು ಲಿಂಗ ಕಟ್ಟಿದ ದಿನದಿಂದ ಅದನ್ನು ಒಂದು ಗಳಿಗೆಯೂ ಇಳಿಸಿರಲಿಲ್ಲ.

"ಬಾಯಾರ, ಬೆಳ್ಳಿ ತೆಗೀಬೇಕ್ರಿ. ಫೋಟೋದಾಗ ಬೆಳ್ಳಗ ಕಲಿ ಬೀಳ್ತದ" ಅಂದ ಇಸಾಕ.

"ಲಿಂಗ ಮೈಬಿಟ್ಟು ಇಳಸೂದಿಲ್ಲಪ್ಪ" ಅಂದೆ.

"ಹಂಗಾದ್ರ ದೇವರದೂ ಫೋಟೋ ಬರ್ತದ ಬಿಡ್ರಿ. ಉಸಿರು ಹಿಡಿ ಅಂದ್ರ ಇಬ್ಬರೂ ಹಿಡೀಬೇಕು."

"ವೈನಿ, ನಗಿಸಬ್ಯಾಡ ಅನ್ನ್ರಿ ಇವರಿಗಿ" ಅಂದಳು ರತ್ನಾ. "ನಗು ಬಂದ್ರ ಕೆಮ್ಮು ಬರ್ತದ."

ಫೋಟೋ ತೊಳೆದು ತಂದು ಕಿಟಕಿಯ ಬೆಳಕಿಗೆ ಹಿಡಿದ. ನೋಡಿದ, ತಲೆ ಕೆರೆದುಕೊಂಡ. ಎಡ ಬಲ ಗುರುತಿಗೆ ಸೀಸದ ಅಕ್ಷರ ಇಡುತ್ತಾರಂತೆ, ಅವತ್ತು ನಗುವ ಭರದಲ್ಲಿ ಮರೆತಿದ್ದ. "ಅರೆ, ಉಲ್ಟಾ ಹಿಡದೀನಿ" ಅಂತ ಫೋಟೋ ತಿರುಗಿಸಿದ. ಗುಂಡಿಗೆ ಎಲ್ಲರಿಗೆ ಇರುವ ಕಡೆ ಬಂತು. ಬಿಳಿ ಶಾಯಿಯಿಂದ ಈ ಕಡೆ ಎಡ, ಆ ಕಡೆ ಬಲ ಅಂತ ಬರೆದುಕೊಟ್ಟ.

ನಾನು ನೋಡುತ್ತಾ ನಿಂತಿದ್ದೆ. ತಿರುಗಿಸಬ್ಯಾಡಪ್ಪ, ಮೊದಲಿನದೇ ಖರೆ ಅಂತ ಹೇಳಬೇಕಾಗಿತ್ತು. ಹೇಳಲಿಲ್ಲ. ಅವನ ತಪ್ಪಿನಿಂದ ಬದುಕಿದೆ ಅಂತ ಒಳಗೊಳಗೇ ಅವನಿಗೆ ಕೈಮುಗಿದೆ. ಅಲ್ಲಿಯ ಡಾಕ್ಟರು ಫೋಟೋ ನೋಡಿ, ಕಫ ಪರೀಕ್ಷೆ ಮಾಡಿಸಿ, ಕ್ಷಯ ಇಲ್ಲ ಅಂತ ಬರೆದರು. ಅದನ್ನು ತಂದು ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಟ್ಟೆ.

ಮೂರು ವರ್ಷದ ಮೇಲೆ ಸೇಡಂ ಕಡೆಯ ಮುಧೋಳದ ಸಂಬಂಧ ಬಂತು. ಹುಡುಗನ ಹೆಸರು ರಾಮಲಿಂಗ, ಒಕ್ಕಲುತನ. ಅವನ ತಾಯಿ ನೀಲಗಂಗಮ್ಮ ಗಟ್ಟಿ ಹೆಂಗಸು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುವವರು. ಕೆಮ್ಮಿನ ಮಾತು ಬಂದಾಗ ನಾನು ಟ್ರಂಕು ತೆಗೆದು ಎಕ್ಸರೇ ತೋರಿಸಿದೆ. ಅವರು ಬಾಗಿಲಿಗೆ ಹೋಗಿ ಬಿಸಿಲಿಗೆ ಹಿಡಿದು ನೋಡಿದರು. "ಕರಡಿಗಿ ಸೈತ ಕಾಣತದಲ್ಲ. ಹುಡುಗಿ ನೇಮಸ್ಥಳು" ಅಂದರು. ಒಪ್ಪಿದರು.

ಮಾರ್ಗಶಿರದಲ್ಲಿ ದಿನ ಗೊತ್ತು ಮಾಡಲು ತಾಯಿ ಮಗ ಇಬ್ಬರೂ ಸೇಡಂ ಗಾಡಿಗೆ ಬಂದರು. ಅವತ್ತು ಮುಂಜಾನೆ ರತ್ನಾ ರೊಟ್ಟಿ ಬಡಿಯುತ್ತಿದ್ದವಳು ಹೊಟ್ಟೆ ಹಿಡಿದುಕೊಂಡು ಒಲೆಯ ಮುಂದೆಯೇ ಕುಳಿತುಬಿಟ್ಟಳು. ಹೊಕ್ಕುಳ ಸುತ್ತ ಎದ್ದ ನೋವು ಇಳಿದು ಇಳಿದು ಎಡ ಕಿಬ್ಬೊಟ್ಟೆಗೆ ಬಂದು ನಿಂತಿತು. ಎರಡು ಸಲ ವಾಂತಿ, ಮೈ ಸುಡುತ್ತಿತ್ತು. ನಮ್ಮ ಮನೆಯವರು ಕಾರ್ಖಾನೆಗೆ ಹೋಗಿದ್ದರು, ಯಂತ್ರ ಜೋಡಿಸುವ ಶೆಡ್ಡಿನಲ್ಲಿ ಫಿಟ್ಟರ್ ಕೆಲಸ. ಅವರನ್ನು ಕರೆತರಲು ರಾಮಲಿಂಗ ಓಡಿದ. ನಾನು, ನೀಲಗಂಗಮ್ಮ ಸೇರಿ ಅವಳನ್ನು ಟಾಂಗಾದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋದೆವು. ಹಳೆಯ ಕಾಗದ ಕೇಳುತ್ತಾರೆ ಅಂತ ಎಕ್ಸರೇಯನ್ನೂ ಕಂಕುಳಲ್ಲಿ ಇಟ್ಟುಕೊಂಡೆ.

ಅಲ್ಲಿ ಶಹಾಬುದ್ದೀನ ಅಂತ ಹರೆಯದ ಡಾಕ್ಟರು, ಹೈದರಾಬಾದಿನಲ್ಲಿ ಕಲಿತು ಬಂದವರು. ಹೊಟ್ಟೆ ಒತ್ತಿದರು. ಎಡಕ್ಕೆ ಒತ್ತಿದಾಗ ರತ್ನಾ ಹಲ್ಲು ಕಚ್ಚಿದಳು.

"ಬಲಕ್ಕಿದ್ದರ ಅಪೆಂಡಿಕ್ಸ್ ಅಂತ ಈಗಿಂದೀಗ ಕೊಯ್ತಿದ್ದೆ. ಅದು ಕರುಳಿನ ಸಣ್ಣ ಬಾಲ, ಬಾತು ಒಡದ್ರ ಜೀವಕ್ಕ ಅಪಾಯ. ಇದು ಎಡಕ್ಕದ, ಮಲ ಕಟ್ಟೇದ. ಘಾಬರಿ ಬ್ಯಾಡ್ರಿ, ಹರಳೆಣ್ಣಿ ಕುಡಸ್ತೀವಿ" ಅಂದರು. ಆಯಾ ಜೈತುನ್ಬೀ ಬಟ್ಟಲಲ್ಲಿ ಎಣ್ಣೆ ತಂದು ನಿಂತಳು.

ನಾನು ನಿಂತಲ್ಲೇ ಲೆಕ್ಕ ಹಾಕಿದೆ. ಎಡಕ್ಕೆ ಇರಬೇಕಾದ ಗುಂಡಿಗೆ ಇವಳಿಗೆ ಬಲಕ್ಕಿದೆ. ಹಾಗಾದರೆ ಬಲಕ್ಕೆ ಇರಬೇಕಾದ ಆ ಬಾಲ ಎಡಕ್ಕೆ ಯಾಕಿರಬಾರದು? ಇಪ್ಪತ್ತೊಂದು ವರ್ಷ ಬಾಯೊಳಗೆ ಇಟ್ಟುಕೊಂಡ ಮಾತು. ಪಕ್ಕದಲ್ಲಿ ನೀಲಗಂಗಮ್ಮ ಹುಡುಗಿಯ ಕಾಲು ಹಿಡಿದು ಕುಳಿತಿದ್ದರು. ಹೇಳಿದರೆ ಮದುವೆ ಮುರಿಯುತ್ತದೆ, ಮಾನ ಹೋಗುತ್ತದೆ. ಹೇಳದಿದ್ದರೆ? ಜೈತುನ್ಬೀ ರತ್ನಾಳ ತಲೆ ಎತ್ತಿ ಬಟ್ಟಲನ್ನು ತುಟಿಗೆ ತಂದಳು. ನಾನು ಅವಳ ಕೈ ಹಿಡಿದೆ.

"ಡಾಕ್ಟರ್‌ರ, ಈಕಿ ಗುಂಡಿಗಿ ಬಲಕ್ಕದ್ರಿ."

ಅವರು ನಕ್ಕರು. "ಎಲ್ಲಾರಿಗೂ ಎಡಕ್ಕೇ ಇರ್ತದ ಅಮ್ಮ." ನನ್ನ ಕೈಯಿಂದ ಎಕ್ಸರೇ ತೆಗೆದುಕೊಂಡು ಕಿಟಕಿಗೆ ಹಿಡಿದರು. "ನೋಡ್ರಿ, ಎಡ ಅಂತ ಬರದಾರ. ಗುಂಡಿಗಿ ಇಲ್ಲೇ ಅದ."

"ಬರದವ ತಪ್ಪು ಬರದಾನ್ರಿ. ನಾ ಅಲ್ಲೇ ಇದ್ದೆ, ಸುಮ್ಮನಿದ್ದೆ. ಗುಂಡಿಗಿ ಬಿಡ್ರಿ, ಕರಡಿಗಿ ನೋಡ್ರಿ. ಫೋಟೋದಾಗ ಯಾವ ಕಡಿಗದ?"

ಬೆಳ್ಳಿಯ ಕಲೆ ಬಲ ಅಂತ ಬರೆದ ಕಡೆಗಿತ್ತು.

"ಈಗ ಆಕಿ ಮೈಮ್ಯಾಲ ನೋಡ್ರಿ."

ಕರಡಿಗೆ ಎಡ ಕಂಕುಳ ಕೆಳಗಿತ್ತು. ಡಾಕ್ಟರು ಒಮ್ಮೆ ಫೋಟೋ, ಒಮ್ಮೆ ರತ್ನಾಳನ್ನು ನೋಡಿದರು. "ಅವತ್ತು ಆ ಕಡಿಗಿ ಹಾಕ್ಕೊಂಡಿರಬಹುದಲ್ಲ?"

ನಾನು ಬಾಯಿ ತೆರೆಯುವ ಮೊದಲೇ ನೀಲಗಂಗಮ್ಮ ಮಾತಾಡಿದರು. "ಇವರ ಮನ್ಯಾಗ ಕರಡಿಗಿ ಬಲ ಕಂಕುಳಕ್ಕ ಯಾರೂ ಹಾಕೂದಿಲ್ಲ. ನಮ್ಮ ಮನ್ಯಾಗೂ ಇಲ್ಲ. ಫೋಟೋ ತಿರುವಿ ಹಿಡೀರಿ."

ಡಾಕ್ಟರು ತಿರುವಿ ಹಿಡಿದರು. ಕರಡಿಗೆ ಎಡಕ್ಕೆ ಬಂತು, ಗುಂಡಿಗೆ ಬಲಕ್ಕೆ ಹೋಯಿತು. ಕಿವಿಗೆ ನಳಿಗೆ ಹಾಕಿಕೊಂಡು ರತ್ನಾಳ ಬಲ ಎದೆಯ ಮೇಲೆ ಇಟ್ಟು ಭಾಳ ಹೊತ್ತು ಕೇಳಿದರು. "ಜೈತುನ್ಬೀ, ಆ ಎಣ್ಣಿ ಒಯ್ಯಿ. ಆಪರೇಶನ್ ಖೋಲಿ ತೆಗಿ" ಅಂದರು.

ಹೊರಗೆ ಫರ್ಸಿಯ ಕಟ್ಟೆಯ ಮೇಲೆ ನಾನು, ನೀಲಗಂಗಮ್ಮ ಇಬ್ಬರೇ ಕುಳಿತೆವು.

"ಎಷ್ಟು ವರ್ಷದಿಂದ ಗೊತ್ತಿತ್ತು?"

"ಎರಡು ವರ್ಷದಾಕಿ ಇದ್ದಾಗಿಂದ."

"ನನಗ ಫೋಟೋ ತೋರಸುವಾಗ?"

"ಆಗೂ ಗೊತ್ತಿತ್ರಿ."

ನೀಲಗಂಗಮ್ಮ ಎದ್ದು ಕಟ್ಟೆಯ ಆ ತುದಿಗೆ ಹೋಗಿ ಕುಳಿತರು. ಆಮೇಲೆ ನಮ್ಮ ಮನೆಯವರು, ರಾಮಲಿಂಗ ಬಂದರು. ನಮ್ಮ ಮನೆಯವರಿಗೂ ನಾನೇ ಹೇಳಬೇಕಾಯಿತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಡಾಕ್ಟರು ಹೊರಗೆ ಬಂದಾಗ ಅಂಗಿಯೆಲ್ಲ ಬೆವರು. "ಎಡಕ್ಕೇ ಇತ್ತು. ಇನ್ನೊಂದು ತಾಸಿನಾಗ ಒಡೀತಿತ್ತು. ಒಳಗ ಎಲ್ಲಾ ಕನ್ನಡ್ಯಾಗ ನೋಡಿದಂಗ ಅದ. ಎಣ್ಣಿ ಕುಡಸಿದ್ದರ ಕರುಳು ಹಿಂಡಿ ಆಗಲೇ ಒಡದು..." ಅಂದು ಅಲ್ಲಿಗೇ ನಿಲ್ಲಿಸಿದರು. ಸಂಜೆಯ ಗಾಡಿಗೆ ತಾಯಿ ಮಗ ಮುಧೋಳಕ್ಕೆ ಹೊರಟುಹೋದರು. ನೀಲಗಂಗಮ್ಮ ಹೋಗುವಾಗ ನನ್ನ ಕಡೆ ನೋಡಲಿಲ್ಲ.

ಗಂಡಾಂತರ ಮುಗಿಯಿತು ಅಂದುಕೊಂಡೆ. ಖರೇ ಅಂಜಿಕೆ ಮರುದಿನ ಶುರುವಾಯಿತು. ಹೊಲಿಗೆಯ ನೋವಿಗೆ ರತ್ನಾ ಕೆಮ್ಮಲಾರಳು. ಕೆಮ್ಮದಿದ್ದರೆ ಕಫ ಏಳುವುದಿಲ್ಲ. ಎರಡನೇ ದಿನಕ್ಕೆ ತುಟಿ ನೀಲಿಯಾಯಿತು, ಉಸಿರು ಮೇಲೆ ಮೇಲೆ ಬರತೊಡಗಿತು. ಇಷ್ಟು ವರ್ಷ ಆ ಕೆಮ್ಮು ನಿಲ್ಲಲಿ ಅಂತ ಹರಕೆ ಹೊತ್ತವಳು ನಾನು. ಈಗ ಒಂದೇ ಒಂದು ಸಲ ಕೆಮ್ಮಲಿ ಅಂತ ಅವಳ ಬಾಯಿಯನ್ನೇ ನೋಡುತ್ತಾ ಕುಳಿತೆ.

ಡಾಕ್ಟರು ಮಂಚದ ಕಾಲ ಕಡೆ ಇಟ್ಟಿಗೆ ಕೊಟ್ಟು ಎತ್ತರ ಮಾಡಿದರು. ತಲೆ ಕೆಳಗಾಗಿ ಮಗ್ಗುಲಿಗೆ ಮಲಗಿಸಿ, ಅಂಗೈಯನ್ನು ಬಟ್ಟಲ ಹಾಗೆ ಬಗ್ಗಿಸಿ ಬೆನ್ನು ಬಡಿಯುವುದನ್ನು ತೋರಿಸಿದರು. ಹೊಟ್ಟೆಗೆ ದಿಂಬು ಒತ್ತಿ ಹಿಡಿದು ನಾನು, ನಮ್ಮ ಮನೆಯವರು ಸರದಿಯಲ್ಲಿ ಬಡಿದೆವು. ಮೂರನೇ ದಿನ ಮಧ್ಯಾಹ್ನ ದೊಡ್ಡ ಗಡ್ಡೆ ಕಫ ಹೊರಗೆ ಬಂತು. ತುಟಿಗೆ ರಕ್ತದ ಬಣ್ಣ ಬಂತು.

ಆವಾಗ ಡಾಕ್ಟರು ಕೇಸ್ ಕಾಗದದ ಹಿಂದೆ ಚಿತ್ರ ಬರೆದು ತಿಳಿಸಿದರು. ನಮ್ಮ ಶ್ವಾಸನಾಳದ ಒಳಮೈಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು ಇರುತ್ತವಂತೆ. ಗಾಳಿಗೆ ಜೋಳದ ಹೊಲ ತೂಗಿದ ಹಾಗೆ ಅವೆಲ್ಲ ಕೂಡಿ ಬೀಸಿ ಬೀಸಿ ಕಫವನ್ನು ಮೇಲಕ್ಕೆ ತಳ್ಳುತ್ತವಂತೆ. ಕೂದಲು ಬೀಸಲು ಅದರೊಳಗೆ ಸಣ್ಣ ಸಣ್ಣ ತೋಳು, ಅವೇ ಅದರ ಮೋಟರು. "ಕೆಲವರಿಗೆ ಕೂದಲು ಇರ್ತಾವ, ತೋಳು ಇರೂದಿಲ್ಲ. ನಾಕೈದು ವರ್ಷದ ಹಿಂದ ಪರದೇಶದಾಗ ದೊಡ್ಡ ಸೂಕ್ಷ್ಮದರ್ಶಕದಾಗ ನೋಡ್ಯಾರ. ಈಕಿದೂ ಅದೇ ಇರಬೇಕು. ಕೂದಲು ಮಾಡೂ ಕೆಲಸ ಈಕಿಗೆ ಕೆಮ್ಮು ಮಾಡ್ತದ. ಕೆಮ್ಮು ನಿಲ್ಲಸೂ ಔಷಧ ಎಂದೂ ಕೊಡಬ್ಯಾಡ್ರಿ."

ನಾನು ಎಷ್ಟು ಬಾಟ್ಲಿ ಕುಡಿಸಿದ್ದೆನೋ.

ನಮ್ಮ ಮನೆಯವರು ಚಿತ್ರವನ್ನು ಹತ್ತಿರ ಹಿಡಿದು ನೋಡಿದರು. "ಡಾಕ್ಟರ್‌ರ, ಮೋಟರ್ ಇಲ್ಲ ಅಂದ್ರಿ. ನಮ್ಮ ಶೆಡ್ಡಿನಾಗ ಯಂತ್ರಕ್ಕ ಮೋಟರ್ ಕೂತಿಲ್ಲ ಅಂದ್ರ ಮೂರು ಕಾರಣ. ಸಾಮಾನು ಬಂದಿಲ್ಲ. ಇಲ್ಲಾ, ಬಂದದ, ಜೋಡಸೂ ಮಂದಿ ಇಲ್ಲ. ಇಲ್ಲಾ, ಜೋಡಸ್ಯಾರ, ಒಯ್ಯೂ ಟ್ರಾಲಿ ಇಲ್ಲ. ಈಕಿದು ಯಾವುದು?"

ಡಾಕ್ಟರು ಪೆನ್ನಿನ ಟೋಪಿ ಹಾಕಿದರು. "ಅದು ಇನ್ನಾ ಯಾರಿಗೂ ಗೊತ್ತಿಲ್ಲ" ಅಂದರು.

ಗೊತ್ತಾಗುವ ಹೊತ್ತಿಗೆ ನಮ್ಮ ಮನೆಯವರು ಇರಲಿಲ್ಲ. ಈಚೆಗೆ ಹೈದರಾಬಾದಿನಲ್ಲಿ ರತ್ನಾಳ ರಕ್ತ ನೋಡಿದ ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದಳು. ಆ ಮೋಟರನ್ನು ಕೂದಲೊಳಗೆ ಕಟ್ಟುವುದಿಲ್ಲವಂತೆ. ಜೀವಕಣದ ಒಡಲಲ್ಲೇ ಅದರ ದೊಡ್ಡ ತುಂಡು, ಸಣ್ಣ ತುಂಡು ಬೇರೆ ಬೇರೆ ತಯಾರಾಗುತ್ತವೆ. ದೊಡ್ಡದು ಉದ್ದನೆಯ ದಾರದ ಹಾಗೆ ಹುಟ್ಟುತ್ತದೆ, ಸರಿಯಾಗಿ ಮಡಿಚಿಕೊಳ್ಳಬೇಕು. ಮಡಿಚುವಾಗ ಸಿಕ್ಕಾಗದ ಹಾಗೆ ಹಿಡಿದುಕೊಳ್ಳುವ ಕೈಯಾಳುಗಳು ಬೇರೆ. ಒಂದಕ್ಕೊಂದು ಕೂಡಿಸುವವರು ಬೇರೆ. ಪೂರ್ತಿ ಜೋಡಿಸಿ ತಯಾರಾದ ಮೇಲೆಯೇ ಕೂದಲಿನ ಬುಡಕ್ಕೆ ಒಯ್ದು, ಅಲ್ಲಿಂದ ಸಾಮಾನಿನ ಗಾಡಿಯಲ್ಲಿ ಮೇಲೇರಿಸಿ ಅದರ ಜಾಗದಲ್ಲಿ ಕೂಡಿಸುತ್ತಾರೆ. ರತ್ನಾಳ ಮೈಯಲ್ಲಿ ತುಂಡುಗಳು ಇದ್ದವು. ಒಬ್ಬ ಕೈಯಾಳು ಹುಟ್ಟಿನಿಂದಲೇ ಇಲ್ಲ. ಜೋಡಿಸದ ತುಂಡುಗಳನ್ನು ಮೈಯೇ ಒಡೆದು ಬಿಸಾಕುತ್ತದೆ.

ಗುಂಡಿಗೆಯ ಮಾತೂ ಕೇಳಿದೆ. ಬಸಿರಿನ ಮೊದಲ ದಿನಗಳಲ್ಲಿ ಅಂಥವೇ ಕೆಲವು ಕೂದಲು ನೀರನ್ನು ಒಂದು ಕಡೆಗೆ ತಿರುವಿ, ಇದು ಎಡ ಇದು ಬಲ ಅಂತ ಪಿಂಡಕ್ಕೆ ತೋರಿಸುತ್ತವಂತೆ. ಅವು ತಿರುಗದಿದ್ದರೆ ದಿಕ್ಕು ತೋರಿಸುವವರು ಇಲ್ಲ. ಅರ್ಧ ಮಂದಿಗೆ ಸರಿ ಬೀಳುತ್ತದೆ, ಅರ್ಧ ಮಂದಿಗೆ ತಿರುಗಿ ಬೀಳುತ್ತದೆ. ಯಾರ ಪಾಪವೂ ಅಲ್ಲ ಅಂದಳು. ಕೇಳಿ ನನಗೆ ಸಮಾಧಾನಕ್ಕಿಂತ ಅಂಜಿಕೆಯೇ ಹೆಚ್ಚಾಯಿತು. ಇಷ್ಟು ಸಣ್ಣ ಕೈಗಳ ಮೇಲೆ ಮನುಷ್ಯರ ಉಸಿರು ನಿಂತಿದೆಯಲ್ಲ.

ಇರಲಿ. ರತ್ನಾ ಆಸ್ಪತ್ರೆಯಿಂದ ಮನೆಗೆ ಬಂದಳು. ಮುಧೋಳದಿಂದ ಸುದ್ದಿ ಇಲ್ಲ. ಒಂದು ವಾರ, ಎರಡು ವಾರ, ಐದು ವಾರ. ದಿನಾ ಮುಂಜಾನೆ ಅವಳನ್ನು ಮಂಚದಿಂದ ತಲೆ ಇಳಿಬಿಟ್ಟು ಮಲಗಿಸಿ ಬೆನ್ನು ಬಡಿಯುವುದು ನನ್ನ ಕೆಲಸ. ಒಂದು ದಿನ ಬಡಿಯುತ್ತಿದ್ದಾಗ ಕೆಳಮುಖವಾಗಿಯೇ ಕೇಳಿದಳು, "ವೈನಿ, ನನಗೂ ಗೊತ್ತಿತ್ತು ಅಂತ ನಿಮಗ ಗೊತ್ತಿತ್ತೇನು?"

"ಏನು?"

"ಗುಂಡಿಗಿ. ಸಾಲ್ಯಾಗ ಎದಿಮ್ಯಾಲ ಕೈ ಇಡು ಅಂದಾಗ ಎಲ್ಲಾರಂಗ ಎಡಕ್ಕ ಇಡ್ತಿದ್ದೆ, ನಾ ಒಬ್ಬಾಕಿನೇ ಸುಳ್ಳು ಕಡಿಗಿ. ನಿಮಗ ತಿಳದ್ರ ಅಂಜತೀರಿ ಅಂತ ಹೇಳಲಿಲ್ಲ."

ನನ್ನ ಕೈ ನಿಂತುಬಿಟ್ಟಿತು. ಒಂದೇ ಸೂರಿನ ಕೆಳಗೆ ಇಬ್ಬರೂ ಒಂದೇ ಮಾತನ್ನು ಮುಚ್ಚಿಕೊಂಡು ಅಷ್ಟು ವರ್ಷ ಕಳೆದಿದ್ದೆವು.

ಆರನೇ ವಾರ, ಮುಂಜಾನೆ ಬೆನ್ನು ಬಡಿಯುವ ಹೊತ್ತಿಗೆ, ನೀಲಗಂಗಮ್ಮ ಅಂಗಳದಲ್ಲಿ ಬಂದು ನಿಂತರು. ಹಿಂದೆ ರಾಮಲಿಂಗ. ನಾನು ನೀರು ಕೊಡಲು ಏಳುತ್ತಿದ್ದೆ, ಕುಂದ್ರು ಅಂತ ಕೈಮಾಡಿದರು.

"ಅವತ್ತು ನೀ ಬಾಯಿ ಮುಚ್ಚಿಕೊಂಡಿದ್ದರ ಹುಡುಗಿ ಹೋಗತಿತ್ತು. ಮದುವಿ ಆದ ಮ್ಯಾಲ ತಿಳದಿದ್ದರ ನಾ ನಿನ್ನ ಮನಿ ಮುಂದ ಜಗಳಕ್ಕ ಬಂದು ಕುಂದರತಿದ್ದೆ. ಎರಡೂ ಆಗಲಿಲ್ಲ."

"ಮಕ್ಕಳಾಗೂದು ಕಷ್ಟ ಅಂದಾರ ಡಾಕ್ಟರು" ಅಂದಳು ರತ್ನಾ, ಮಂಚದ ಮೇಲಿಂದಲೇ. "ಈಗೇ ಹೇಳಿಬಿಡತೀನಿ."

"ನಾ ಐದು ಹಡದೀನಿ, ಎರಡು ಉಳದಾವ. ಅದು ಯಾರ ಕೈಯಾಗದ? ನಾ ಅಂಜಿದ್ದು ಅದಕ್ಕಲ್ಲ. ನಮ್ಮೂರಿಗಿ ದವಾಖಾನಿ ದೂರ. ಈಕಿಗೆ ಉಸಿರು ಕಟ್ಟಿದ್ರ ಏನು ಮಾಡಬೇಕು ನನಗ ಗೊತ್ತಿಲ್ಲ, ಅದಕ್ಕ ಅಂಜಿಕಿ."

"ಐದು ವಾರದಿಂದ ಇದೇ ಮಾತು ನೋಡ್ರಿ" ಅಂದ ರಾಮಲಿಂಗ. "ನಾ ಡಾಕ್ಟರಿಗಿ ಕೇಳಿ ಹೋಗಿ ಹೇಳಿದಾಗಿಂದ ನಮ್ಮವ್ವ ನನ ಬೆನ್ನಮ್ಯಾಲ ಬಡದು ಬಡದು ನೋಡಲಿಕತ್ತಾಳ."

"ನೀ ಸುಮ್ಮನಿರು." ನೀಲಗಂಗಮ್ಮ ಸೆರಗು ಸಿಕ್ಕಿಸಿ ಮಂಚದ ಹತ್ತಿರ ಬಂದರು. "ತೋರಸು."

ನಾನು ಅವರ ಅಂಗೈಯನ್ನು ಬಟ್ಟಲ ಹಾಗೆ ಬಗ್ಗಿಸಿದೆ. ಹೊಲ ಮಾಡಿದ ಕೈ, ಚಪ್ಪಟೆಯಾಗಿ ಗಟ್ಟಿಯಾಗಿತ್ತು, ಭಾಳ ಹೊತ್ತಿಗೆ ಬಗ್ಗಿತು. ಮೊದಲ ಏಟು ಹೂವು ಇಟ್ಟ ಹಾಗೆ ಇಟ್ಟರು.

"ಜೋರು ಹಾಕ್ರಿ. ಮುರಿಯೂದಿಲ್ಲ" ಅಂದೆ.

ಎರಡನೆಯದು ಬಿತ್ತು, ಮೂರನೆಯದು ಬಿತ್ತು. ತಲೆ ಕೆಳಗೆ ಇಳಿಬಿಟ್ಟ ರತ್ನಾ, "ಅತ್ತೀ, ಜೋಳದ ರಾಶಿ ಬಡೀಲಿಕತ್ತೀರೇನ್ರಿ?" ಅಂದಳು. ಅಂದು ತಾನೇ ನಕ್ಕಳು. ನಗುವಿನೊಳಗಿಂದ ಕೆಮ್ಮು ಎದ್ದಿತು, ಒಂದರ ಹಿಂದೆ ಒಂದು, ಮೈ ಎಲ್ಲ ಅಲುಗಾಡಿ ಬೂದಿಯ ಬೋಗುಣಿಗೆ ಕಫ ಬಿತ್ತು. ನೀಲಗಂಗಮ್ಮನ ಕೈ ಮೇಲೆಯೇ ನಿಂತಿತು. ಬೆದರಿ ನನ್ನ ಮುಖ ನೋಡಿದರು.

"ನಿಲ್ಲಸಬ್ಯಾಡ್ರಿ" ಅಂದೆ. "ಇನ್ನಾ ಅದ."